ಹಳೆ ಸಿನಿಮಾದ ಕತ್ತರಿಸಿದ ಪ್ರತಿ ಯಾವುದು, ಪೂರ್ತಿ ಪ್ರತಿ ಯಾವುದು? ‘ಶೋಲೆ’ ಇಟ್ಟುಕೊಂಡು ಹಂತ ಹಂತವಾಗಿ ಕಂಡುಹಿಡಿಯುವ ಸಮಗ್ರ ಮಾರ್ಗದರ್ಶಿ

‘ಶೋಲೆ’ಗೆ ಎರಡು ಕೊನೆ ಇವೆ. ಒಂದರಲ್ಲಿ ಠಾಕೂರ್ ಬಲದೇವ್ ಸಿಂಗ್ ಕೈಯಿಲ್ಲದಿದ್ದರೂ ಗಬ್ಬರ್‌ನನ್ನು ಕೊಂದೇಬಿಡುತ್ತಾನೆ. ಇನ್ನೊಂದರಲ್ಲಿ ಸರಿಯಾಗಿ ಆ ಹೊತ್ತಿಗೇ ಪೊಲೀಸರು ಬಂದು ತಡೆಯುತ್ತಾರೆ. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಜನ ನೋಡಿದ್ದು ಈ ಎರಡನೆಯದನ್ನು. ಮೊದಲನೆಯದು ಹೊರಬಿದ್ದದ್ದು 1990ರಲ್ಲಿ, ಬ್ರಿಟನ್ನಿನಲ್ಲಿ ಬಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಆಮೇಲೆ ಡಿವಿಡಿಯಲ್ಲಿ ಎರಡೂ ಬಂದವು. ಟಾಕೀಸಿನ ಆವೃತ್ತಿ 198 ನಿಮಿಷ, ಪೂರ್ತಿ ಆವೃತ್ತಿ 204 ನಿಮಿಷ.

ಈಗ ನಿಮ್ಮ ಕೈಯಲ್ಲಿ ಒಂದು ಡಿಸ್ಕ್ ಇದೆ, ಇಲ್ಲವೇ ಆನ್‌ಲೈನಲ್ಲಿ ಒಂದು ಪ್ರತಿ ನೋಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಮೇಲೆ ‘ಅನ್‌ಕಟ್’ ಅಂತ ಬರೆದಿದೆ. ನಂಬಬೇಕಾ? ನನ್ನನ್ನು ಕೇಳಿದರೆ, ಬೇಡ. ಆ ಒಂದು ಪದ ಏನನ್ನೂ ಹೇಳುವುದಿಲ್ಲ. ಅವಧಿ ನೋಡಿ ತೀರ್ಮಾನ ಮಾಡುವುದೂ ತಪ್ಪು, ಯಾಕೆ ಅಂತ ಮುಂದೆ ಹೇಳುತ್ತೇನೆ. ಎರಡು ಪ್ರತಿಗಳನ್ನು ದೃಶ್ಯದ ಪಕ್ಕ ದೃಶ್ಯ ಇಟ್ಟು ನೋಡಬೇಕು. ಸಿಕ್ಕ ಒಂದೊಂದು ವ್ಯತ್ಯಾಸಕ್ಕೂ ‘ಇದನ್ನು ತೆಗೆದವರು ಯಾರು?’ ಅಂತ ಕೇಳಬೇಕು. ಅಷ್ಟು ಮಾಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಒಂದು ಕಂಪ್ಯೂಟರ್, ಎರಡು ಪ್ರತಿ, ಒಂದು ನೋಟ್‌ಬುಕ್, ಒಂದು ಭಾನುವಾರ ಸಾಕು.

ಉದಾಹರಣೆಗೆ ‘ಶೋಲೆ’ಯನ್ನೇ ತೆಗೆದುಕೊಂಡಿದ್ದೇನೆ. ಅದರ ಬಗ್ಗೆ ದಾಖಲೆ ಜಾಸ್ತಿ ಇದೆ, ಪ್ರತಿಗಳು ಸುಲಭವಾಗಿ ಸಿಗುತ್ತವೆ, ಹೇಗೂ ನಮ್ಮ ರಾಮನಗರದ ಬೆಟ್ಟಗಳಲ್ಲಿ ತೆಗೆದ ಸಿನಿಮಾ. ಆದರೆ ವಿಧಾನ ಯಾವ ಹಳೆ ಸಿನಿಮಾಗೂ ಒಂದೇ.

ಹಂತ 1: ಕತ್ತರಿ ಯಾರದ್ದು ಅಂತ ಯೋಚಿಸಿ

ಹಳೆ ಸಿನಿಮಾದಲ್ಲಿ ಏನಾದರೂ ಕಾಣೆಯಾಗಿದ್ದರೆ ನಾವೆಲ್ಲ ತಕ್ಷಣ ಸೆನ್ಸಾರ್ ಕಡೆ ಬೆರಳು ತೋರಿಸುತ್ತೇವೆ. ಹಾಗೇನೂ ಇರಬೇಕಾಗಿಲ್ಲ. ಬಿಡುಗಡೆಗೆ ಮುಂಚೆ ನಿರ್ದೇಶಕರೇ ಉದ್ದ ಜಾಸ್ತಿಯಾಯಿತು ಅಂತ ತೆಗೆದಿರಬಹುದು. ಬಿಡುಗಡೆಯಾದ ಮೇಲೆ ಹಂಚಿಕೆದಾರರು ದಿನಕ್ಕೆ ಒಂದು ಆಟ ಹೆಚ್ಚು ಸಿಗಲಿ ಅಂತ ಒಂದು ಹಾಡು, ಒಂದು ಹಾಸ್ಯದ ತುಣುಕು ತೆಗೆಸಿರಬಹುದು. ಪ್ರಿಂಟು ಊರೂರು ತಿರುಗಿ, ಹರಿದು, ಆಪರೇಟರ್ ಹರಿದ ಕಡೆ ಕತ್ತರಿಸಿ ಅಂಟಿಸಿರಬಹುದು. ಆಮೇಲೆ ಟಿವಿ ಇದೆ. ‘ಎ’ ಸರ್ಟಿಫಿಕೇಟಿನ ಸಿನಿಮಾ ಟಿವಿಗೆ ಬರಬೇಕಾದರೆ ಮತ್ತೆ ಕತ್ತರಿಸಿ ಬೇರೆ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಹಾಗಾಗಿ ಟಿವಿಯಿಂದ ರೆಕಾರ್ಡ್ ಮಾಡಿದ ಪ್ರತಿ ಟಾಕೀಸಿನ ಪ್ರತಿಗಿಂತಲೂ ಚಿಕ್ಕದಿರುತ್ತದೆ. ಆನ್‌ಲೈನಲ್ಲಿ ಹಾಡಿನ ಹಕ್ಕು ಬೇರೆಯವರ ಹತ್ತಿರ ಇದ್ದರೆ ಹಾಡನ್ನೇ ಎತ್ತಿಬಿಡುತ್ತಾರೆ. ಹಳೆ ಕನ್ನಡ ಸಿನಿಮಾ ಯೂಟ್ಯೂಬಲ್ಲಿ ನೋಡುವವರಿಗೆ ಇದು ಹೊಸ ವಿಷಯವೇನಲ್ಲ, ಅಲ್ವಾ? ಪಲ್ಲವಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಂದಿನ ದೃಶ್ಯ ಬಂದುಬಿಡುತ್ತದೆ.

ಇನ್ನೊಂದು ವಿಷಯ. ನಿಷೇಧ ಬೇರೆ, ಕತ್ತರಿ ಬೇರೆ. ಮದ್ರಾಸಿನ ಸೆನ್ಸಾರ್ ಮಂಡಳಿ ‘ಸಂಸ್ಕಾರ’ಕ್ಕೆ ಮೊದಲು ಸರ್ಟಿಫಿಕೇಟನ್ನೇ ಕೊಡಲಿಲ್ಲ. ಆಮೇಲೆ ಅನುಮತಿ ಸಿಕ್ಕಿ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ‘ವಿವಾದ ಆಗಿತ್ತು, ಹಾಗಾಗಿ ಎಲ್ಲೋ ಅನ್‌ಕಟ್ ಪ್ರತಿ ಇರಲೇಬೇಕು’ ಅನ್ನುವ ಊಹೆ ಬೇಡ.

ನೋಟ್‌ಬುಕ್ಕಿನಲ್ಲಿ ಈ ಕಾರಣಗಳನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಸಿಗುವ ಪ್ರತಿ ವ್ಯತ್ಯಾಸದ ಎದುರು ಇವುಗಳಲ್ಲಿ ಒಂದನ್ನು ಬರೆಯಬೇಕಾಗುತ್ತದೆ.

ಹಂತ 2: ಸೆನ್ಸಾರ್ ಸರ್ಟಿಫಿಕೇಟನ್ನು ಓದಿ

ಸಿನಿಮಾ ಶುರುವಾಗುವ ಮುಂಚೆ ಕಾಣುವ ಸರ್ಟಿಫಿಕೇಟನ್ನು ಯಾರೂ ಓದುವುದಿಲ್ಲ. ನೀವು ಅಲ್ಲೇ ಪಾಸ್ ಒತ್ತಿ ಓದಿ. ಚಿತ್ರದ ಹೆಸರು, ಭಾಷೆ, ಬಣ್ಣ, ಗೇಜು (ಫಿಲ್ಮಿನ ಅಗಲ), ರೀಲುಗಳ ಸಂಖ್ಯೆ, ಮೀಟರಿನಲ್ಲಿ ಉದ್ದ, ಸರ್ಟಿಫಿಕೇಟ್ ಸಂಖ್ಯೆ, ತಾರೀಕು ಎಲ್ಲ ಅಲ್ಲಿರುತ್ತದೆ.

ಮುಖ್ಯವಾಗಿ ಎಡಗಡೆ ಕೆಳಮೂಲೆ ನೋಡಿ. ಮಂಡಳಿ ಕತ್ತರಿ ಹಾಕಿಸಿ ಸರ್ಟಿಫಿಕೇಟ್ ಕೊಟ್ಟಿದ್ದರೆ ಅಲ್ಲಿ ಒಂದು ತ್ರಿಕೋನದ ಗುರುತು ಇರುತ್ತದೆ. ಏನೇನು ತೆಗೆಸಿದರು ಅನ್ನುವ ವಿವರ ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿ ಇರುತ್ತದೆ. ಆ ಭಾಗ ಪರದೆ ಮೇಲೆ ಬರುವುದಿಲ್ಲ, ಆದರೆ ತ್ರಿಕೋನ ಇದೆ ಅಂದರೆ ಅಂಥ ಒಂದು ಪಟ್ಟಿ ಇದೆ ಅಂತ ಅರ್ಥ. ಹಳೆ ಕಾಲದ ಸೆನ್ಸಾರ್ ವಿವರಗಳು ಭಾರತ ಸರ್ಕಾರದ ಗೆಜೆಟ್‌ನಲ್ಲೂ ಪ್ರಕಟವಾಗುತ್ತಿದ್ದವು. ತಾಳ್ಮೆ ಇದ್ದವರು ದೊಡ್ಡ ಗ್ರಂಥಾಲಯದಲ್ಲಿ ಅದನ್ನು ತೆರೆದು ನೋಡಬಹುದು.

ತಾರೀಕನ್ನೂ ಗಮನಿಸಿ. ಆಗೆಲ್ಲ ಸರ್ಟಿಫಿಕೇಟಿಗೆ 10 ವರ್ಷದ ಅವಧಿ ಇತ್ತು, ಮುಗಿದರೆ ಮತ್ತೆ ತೆಗೆದುಕೊಳ್ಳಬೇಕಿತ್ತು. ವಿಡಿಯೋಗೆ ಬೇರೆಯೇ ಸರ್ಟಿಫಿಕೇಟ್. ಹಾಗಾಗಿ ನಿಮ್ಮ ಪ್ರತಿಯಲ್ಲಿರುವ ತ್ರಿಕೋನ ಮೊದಲ ಬಿಡುಗಡೆಯ ಕತ್ತರಿಯದ್ದೋ, ಆಮೇಲಿನದೋ ಅನ್ನುವುದು ತಾರೀಕಿನಿಂದಲೇ ಗೊತ್ತಾಗಬೇಕು. ಸರ್ಟಿಫಿಕೇಟ್ ಒಂದು ಪ್ರತಿಯಿಂದ, ಸಿನಿಮಾ ಇನ್ನೊಂದು ಪ್ರತಿಯಿಂದ ತಂದು ಜೋಡಿಸಿದ ಡಿಸ್ಕುಗಳೂ ಇರುತ್ತವೆ. ಅದಕ್ಕೇ ಇದನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ, ತೀರ್ಪು ಅಂತ ಅಲ್ಲ.

ಹಂತ 3: ಅವಧಿಯ ಲೆಕ್ಕ, ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಮೀಟರಿನಿಂದ ನಿಮಿಷ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ, ಮೀಟರಿನಲ್ಲಿ 27.43. ಸರ್ಟಿಫಿಕೇಟಿನಲ್ಲಿರುವ ಉದ್ದವನ್ನು 27.43ರಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. 5,000 ಮೀಟರ್ ಇದ್ದರೆ ಸುಮಾರು 182 ನಿಮಿಷ. 70 ಎಂಎಂ ಪ್ರಿಂಟಿನ ಉದ್ದ ಕೊಟ್ಟಿದ್ದರೆ ಈ ಲೆಕ್ಕ ಸರಿಹೋಗುವುದಿಲ್ಲ, ಅದರಲ್ಲಿ ಫ್ರೇಮ್ ಎತ್ತರ ಜಾಸ್ತಿ, ನಿಮಿಷಕ್ಕೆ 34.29 ಮೀಟರ್ ಓಡುತ್ತದೆ. ‘ಶೋಲೆ’ಯನ್ನು 35 ಎಂಎಂನಲ್ಲಿ ತೆಗೆದು ಆಮೇಲೆ 70 ಎಂಎಂಗೆ ದೊಡ್ಡದು ಮಾಡಿದ್ದು. ಅದಕ್ಕೇ ಯಾವ ಗೇಜಿನ ಉದ್ದ ಅಂತ ನೋಡಿಕೊಂಡೇ ಭಾಗಿಸಬೇಕು.

ಈಗ ನಿಜವಾದ ತೊಡಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡಿದರೂ, ಪಾಲ್ (PAL, ಭಾರತ, ಬ್ರಿಟನ್ನಿನಲ್ಲಿ ಬಳಕೆಯ ವಿಡಿಯೋ ಪದ್ಧತಿ) ಟಿವಿ ಮತ್ತು ಡಿವಿಡಿಯಲ್ಲಿ ಅದನ್ನು 25 ಫ್ರೇಮಿಗೆ ಓಡಿಸುತ್ತಾರೆ. ಇಡೀ ಸಿನಿಮಾ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಒಂದು ಫ್ರೇಮೂ ಕಾಣೆಯಾಗಿರುವುದಿಲ್ಲ, ಆದರೂ ಅವಧಿ ಕಡಿಮೆ. 204 ನಿಮಿಷದ ಪೂರ್ತಿ ‘ಶೋಲೆ’ ಪಾಲ್ ವೇಗದಲ್ಲಿ ಸುಮಾರು 196 ನಿಮಿಷಕ್ಕೆ ಮುಗಿಯುತ್ತದೆ. ಕತ್ತರಿಸಿದ 198 ನಿಮಿಷದ್ದು 190ಕ್ಕೆ. ಅಂದರೆ ಪಾಲ್‌ನಲ್ಲಿರುವ ಪೂರ್ತಿ ಪ್ರತಿ, ಸಿನಿಮಾ ವೇಗದಲ್ಲಿರುವ ಕತ್ತರಿಸಿದ ಪ್ರತಿಗಿಂತ ಎರಡು ನಿಮಿಷ ಚಿಕ್ಕದಾಗಿ ಕಾಣುತ್ತದೆ! ಅವಧಿ ಮಾತ್ರ ನೋಡಿದವರು ಪೂರ್ತಿ ಪ್ರತಿಯನ್ನು ಬಿಟ್ಟು ಕತ್ತರಿಸಿದ್ದನ್ನು ಇಟ್ಟುಕೊಳ್ಳುತ್ತಾರೆ.

ಇದನ್ನು ಪತ್ತೆ ಮಾಡುವುದು ಸುಲಭ. ವಿಎಲ್‌ಸಿ ಪ್ಲೇಯರಿನಲ್ಲಿ ಫೈಲ್ ತೆರೆದು ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ ನೋಡಿ. ಫ್ರೇಮ್ ರೇಟ್ 25 ಅಂತಿದ್ದರೆ ಪಾಲ್ ಇರಬಹುದು, 23.976 ಅಥವಾ 24 ಅಂತಿದ್ದರೆ ಸಿನಿಮಾ ವೇಗ. ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಪದ್ಧತಿಯ ಡಿವಿಡಿ 29.97 ಅಂತ ತೋರಿಸುತ್ತದೆ, ಅದರಲ್ಲಿ ಸಿನಿಮಾದ ಉದ್ದ ಬದಲಾಗುವುದಿಲ್ಲ ಅನ್ನಬಹುದು. ಕಿವಿಗೂ ಗೊತ್ತಾಗುತ್ತದೆ. ಪಾಲ್‌ನಲ್ಲಿ ಹಾಡಿನ ಶ್ರುತಿ ಏರಿರುತ್ತದೆ, ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಎರಡು ಕೀಗಳ ನಡುವೆ ಇರುವಷ್ಟಲ್ಲದಿದ್ದರೂ ಅದರ ಮುಕ್ಕಾಲು ಪಾಲು. ‘ಯೇ ದೋಸ್ತಿ’ಯನ್ನು ರೆಕಾರ್ಡಿನ ಜೊತೆ ಒಟ್ಟಿಗೆ ಹಾಕಿ ಕೇಳಿ, ಕಿಶೋರ್ ಕುಮಾರ್ ದನಿ ಸ್ವಲ್ಪ ತೆಳುವಾದಂತೆ ಕೇಳಿಸುತ್ತದೆ. ಕೆಲವರು ಶ್ರುತಿಯನ್ನು ಸರಿಪಡಿಸಿ ಹಾಕಿರುತ್ತಾರೆ, ಹಾಗಾಗಿ ಫ್ರೇಮ್ ರೇಟೂ ನೋಡಿ, ಕಿವಿಯನ್ನೂ ಕೊಡಿ.

ಪಾಲ್ ಪ್ರತಿಯ ಸಮಯವನ್ನು 1.0417ರಿಂದ ಗುಣಿಸಿದರೆ ಸಿನಿಮಾ ವೇಗದ ಸಮಯ ಬರುತ್ತದೆ. ಎರಡೂ ಪ್ರತಿಯನ್ನು ಒಂದೇ ವೇಗಕ್ಕೆ ತರದೆ ಮುಂದೆ ಹೋಗಬೇಡಿ.

ಇದರ ಮೇಲೆ ಸಣ್ಣಪುಟ್ಟ ಸೇರ್ಪಡೆಗಳಿರುತ್ತವೆ. ಕಂಪನಿಯ ಲಾಂಛನ, ಇಂಟರ್ವಲ್ ಕಾರ್ಡು, ಸಿಗರೇಟಿನ ಎಚ್ಚರಿಕೆ, ಕೊನೆಯಲ್ಲಿ ರಿಸ್ಟೋರ್ ಮಾಡಿದವರ ಹೆಸರುಗಳು. ಇವೆಲ್ಲ ಸೇರಿ ಎರಡು ಮೂರು ನಿಮಿಷ ಆಗಿಬಿಡಬಹುದು. ಸಿನಿಮಾದ ಮೊದಲ ಶಾಟಿನಿಂದ ಕೊನೆಯ ಶಾಟಿನವರೆಗೆ ಮಾತ್ರ ಅಳೆಯಿರಿ.

ಹಂತ 4: ಗುರುತುಕಲ್ಲು ನೆಡಿ

ಮೂರೂ ಕಾಲು ಗಂಟೆಯ ಸಿನಿಮಾವನ್ನು ಮೊದಲಿಂದ ಕೊನೆವರೆಗೆ ಎರಡು ಪರದೆ ಇಟ್ಟು ನೋಡಲು ಹೊರಟರೆ ಅರ್ಧದಲ್ಲೇ ಕಣ್ಣು ಸೋಲುತ್ತದೆ. ಅದರ ಬದಲು ಗುರುತುಗಳನ್ನು ಆರಿಸಿಕೊಳ್ಳಿ. ಹಾಡಿನ ಮೊದಲ ಪದ, ಒಂದು ಗುಂಡಿನ ಸದ್ದು, ಒಂದು ಬಾಗಿಲು ತೆರೆಯುವ ಕ್ಷಣ. ‘ಶೋಲೆ’ಗಾದರೆ ‘ಯೇ ದೋಸ್ತಿ’ ಶುರು, ಹೋಳಿ ಹಾಡಿನ ಶುರು, ‘ಮೆಹಬೂಬಾ’ ಶುರು, ‘ಜಬ್ ತಕ್ ಹೈ ಜಾನ್’ ಶುರು, ಇವುಗಳ ನಡುವೆ ಒಂದೊಂದು ದೊಡ್ಡ ಮಾತು. ಹದಿನೈದು ಇಪ್ಪತ್ತು ಗುರುತು ಸಾಕು. ಪ್ರತಿಯೊಂದರ ಸಮಯವನ್ನು ಎರಡೂ ಪ್ರತಿಯಲ್ಲಿ ಬರೆದು, ಮೂರನೇ ಕಾಲಂನಲ್ಲಿ ವ್ಯತ್ಯಾಸ ಹಾಕಿ.

ಆ ಮೂರನೇ ಕಾಲಂ ಓದುವುದರಲ್ಲೇ ಎಲ್ಲ ಇದೆ. ವ್ಯತ್ಯಾಸ ಉದ್ದಕ್ಕೂ ಒಂದೇ ಇದ್ದರೆ ಶುರುವಿನಲ್ಲಿ ಮಾತ್ರ ಏನೋ ಸೇರಿದೆ, ಉಳಿದದ್ದು ಸರಿಯಿದೆ. ವ್ಯತ್ಯಾಸ ಸ್ವಲ್ಪ ಸ್ವಲ್ಪವೇ ಬೆಳೆಯುತ್ತಾ ಹೋಗಿ, 25 ನಿಮಿಷಕ್ಕೆ ಒಂದು ನಿಮಿಷದಂತೆ ಜಾಸ್ತಿಯಾದರೆ ಅದು ಕತ್ತರಿಯಲ್ಲ, ವೇಗ, ನೀವು ಹಂತ 3 ಸರಿಯಾಗಿ ಮಾಡಿಲ್ಲ ಅಂತ ಅರ್ಥ. ವ್ಯತ್ಯಾಸ ಒಂದು ಗುರುತಿನಿಂದ ಮುಂದಿನ ಗುರುತಿಗೆ ದಿಢೀರ್ ಅಂತ ಹಾರಿದರೆ, ಆ ಎರಡರ ನಡುವೆ ಏನೋ ಆಗಿದೆ. ಉದಾಹರಣೆಗೆ ಒಂದು ಗುರುತಿನಲ್ಲಿ 4 ಸೆಕೆಂಡ್ ಇದ್ದದ್ದು ಮುಂದಿನದರಲ್ಲಿ 52 ಸೆಕೆಂಡ್ ಆಗಿದ್ದರೆ, 48 ಸೆಕೆಂಡಿನ ತುಣುಕು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಅಲ್ಲಿಗೆ ಹೋಗಿ ಮಧ್ಯದಲ್ಲಿ ಇನ್ನೊಂದು ಗುರುತು ನೆಡಿ, ಮತ್ತೆ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಐದಾರು ಸಲಕ್ಕೆ ಸರಿಯಾಗಿ ಆ ಶಾಟಿನ ಮೇಲೇ ಬಂದು ನಿಲ್ಲುತ್ತೀರಿ.

ಇನ್ನೂ ಬೇಗ ಆಗಬೇಕಾ? ಎರಡು ದಾರಿ ಇವೆ. ಸಬ್‌ಟೈಟಲ್ ಫೈಲ್ ಇದ್ದರೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಪ್ರತಿ ಮಾತಿನ ಪಕ್ಕ ಸಮಯ ಬರೆದಿರುತ್ತದೆ, ಎರಡು ಫೈಲ್ ಅಕ್ಕಪಕ್ಕ ಇಟ್ಟರೆ ಯಾವ ಮಾತು ಒಂದರಲ್ಲಿ ಇಲ್ಲ ಅಂತ ಓದಿಯೇ ಹೇಳಬಹುದು. ಆದರೆ ಮಾತಿಲ್ಲದ ದೃಶ್ಯ ಅದರಲ್ಲಿ ಸಿಗುವುದಿಲ್ಲ, ಹಿಂಸೆಯ ದೃಶ್ಯಗಳಿಗೆ ಕತ್ತರಿ ಬಿದ್ದಾಗ ಹೋಗುವುದು ಜಾಸ್ತಿ ಮಾತಿಲ್ಲದ ಭಾಗವೇ. ಎರಡನೇ ದಾರಿ ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ. ಎರಡೂ ಪ್ರತಿಯ ಶಬ್ದವನ್ನು ಒಂದರ ಕೆಳಗೆ ಒಂದು ಹಾಕಿ. ಅಲೆಗಳ ಚಿತ್ರ ಕಾಣುತ್ತದೆ. ಗುಂಡಿನ ಸದ್ದುಗಳು ಮುಳ್ಳಿನಂತೆ ಎದ್ದು ನಿಂತಿರುತ್ತವೆ, ಅವು ಎಲ್ಲಿ ತಾಳ ತಪ್ಪುತ್ತವೋ ಅಲ್ಲಿ ಕತ್ತರಿ.

ಹಂತ 5: ಅಂಟಿಸಿದ ಜಾಗವನ್ನು ಹತ್ತಿರದಿಂದ ನೋಡಿ

ಈ ಹಂತ ನನಗೆ ಬಹಳ ಇಷ್ಟ, ಯಾಕಂದ್ರೆ ಇಲ್ಲಿ ಫಿಲ್ಮೇ ನಮಗೆ ಮಾತಾಡಿ ಹೇಳುತ್ತದೆ.

35 ಎಂಎಂ ಪ್ರಿಂಟಿನಲ್ಲಿ ಒಂದು ಫ್ರೇಮಿನ ಶಬ್ದ ಆ ಫ್ರೇಮಿನ ಪಕ್ಕದಲ್ಲೇ ಇರುವುದಿಲ್ಲ. ಸುಮಾರು 20-21 ಫ್ರೇಮ್ ಮುಂದೆ ಅಚ್ಚಾಗಿರುತ್ತದೆ. ಪ್ರೊಜೆಕ್ಟರಿನಲ್ಲಿ ಬೆಳಕು ಬೀಳುವ ಗೇಟು ಮೇಲಿದೆ, ಶಬ್ದ ಓದುವ ಭಾಗ ಕೆಳಗಿದೆ, ಫಿಲ್ಮು ಅಲ್ಲಿಗೆ ಹೋಗಿ ಮುಟ್ಟಲು ಅಷ್ಟು ಹೊತ್ತು ಬೇಕು. ಈಗ ಯಾರಾದರೂ ಸಿದ್ಧವಾದ ಪ್ರಿಂಟನ್ನೇ ಕತ್ತರಿಸಿ ಅಂಟಿಸಿದರೆ ಏನಾಗುತ್ತದೆ? ಮೊದಲು ಚಿತ್ರ ಹಾರುತ್ತದೆ. ಹಳೆ ದೃಶ್ಯದ ಶಬ್ದ ಒಂದು ಸೆಕೆಂಡಿಗಿಂತ ತುಸು ಕಡಿಮೆ ಹೊತ್ತು ಹೊಸ ದೃಶ್ಯದ ಮೇಲೂ ಕೇಳಿಸುತ್ತಲೇ ಇದ್ದು, ಆಮೇಲೆ ಶಬ್ದ ಹಾರುತ್ತದೆ. ಅಂಥ ಪ್ರಿಂಟಿನಿಂದ ಮಾಡಿದ ಕ್ಯಾಸೆಟ್ಟು, ಡಿಸ್ಕುಗಳಲ್ಲಿ ಇದು ಹಾಗೇ ಉಳಿದಿರುತ್ತದೆ. ಚಿತ್ರ ಮೊದಲು, ಶಬ್ದ ಆಮೇಲೆ ಹಾರಿದರೆ, ಅದು ಪ್ರಿಂಟಿನ ಮೇಲೆ ಬಿದ್ದ ಕತ್ತರಿ, ಟಾಕೀಸಿನಲ್ಲೋ ಹಂಚಿಕೆದಾರರ ಆಫೀಸಿನಲ್ಲೋ ಆದದ್ದು. ಎರಡೂ ಒಟ್ಟಿಗೆ ನುಣ್ಣಗೆ ಬದಲಾದರೆ, ಹಿನ್ನೆಲೆ ಸಂಗೀತವೂ ತುಂಡಾಗದೆ ಮುಂದುವರಿದರೆ, ಸಂಕಲನದ ಮೇಜಿನ ಮೇಲೆ, ಶಬ್ದ ಮಿಶ್ರಣಕ್ಕೆ ಮುಂಚೆಯೇ ಆದ ಬದಲಾವಣೆ ಅನ್ನಬಹುದು.

ರೀಲಿನ ಕೊನೆಯನ್ನೂ ಗುರುತಿಸಿ. ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ, ಕೆಲವು ಸೆಕೆಂಡಿನ ಮೇಲೆ ಇನ್ನೊಂದು ಮಿಂಚುತ್ತದೆ. ರೀಲು ಬದಲಿಸಲು ಆಪರೇಟರಿಗೆ ಕೊಡುವ ಸೂಚನೆ ಅದು. ಆ ಜಾಗದಲ್ಲಿ ಎರಡು ಮೂರು ಸೆಕೆಂಡು ಕಾಣೆಯಾಗಿದ್ದರೆ, ಗೀರುಗಳು ಜಾಸ್ತಿ ಇದ್ದರೆ, ಅದು ಸವೆತ. ರೀಲಿನ ತುದಿಗಳೇ ಮೊದಲು ಹಾಳಾಗುವುದು. ಇದನ್ನು ‘ಸೆನ್ಸಾರ್ ಕಟ್’ ಅಂತ ಬರೆದುಕೊಳ್ಳಬೇಡಿ.

ಹಂತ 6: ಚೌಕಟ್ಟು ಬೇರೆ, ಕತ್ತರಿ ಬೇರೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಶೋಲೆ’ಯ ಎರಡು ಡಿವಿಡಿಗಳಲ್ಲಿ ಪೂರ್ತಿ ಆವೃತ್ತಿ ಚೌಕಾಕಾರದ ಪೂರ್ಣ ಫ್ರೇಮಿನಲ್ಲಿದೆ, ಟಾಕೀಸಿನ ಆವೃತ್ತಿ ಅಗಲ ಪರದೆಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಬೆಟ್ಟದ ಮೇಲಿನ ಆಕಾಶ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. 35 ಎಂಎಂ ನೆಗೆಟಿವ್‌ನ ಮೇಲುಗಡೆ, ಕೆಳಗಡೆಯ ಸ್ವಲ್ಪ ಭಾಗ ಬಿಟ್ಟು 70 ಎಂಎಂಗೆ ಹಿಗ್ಗಿಸಿದ್ದರಿಂದ ಹೀಗೆ. ‘ಮೇಲೆ ಕೆಳಗೆ ಕತ್ತರಿಸಿದ್ದಾರೆ’ ಅಂತ ದೂರಬೇಡಿ. ಟಾಕೀಸಿನ ಪರದೆಗೆ ಅಂತಲೇ ಛಾಯಾಗ್ರಾಹಕ ದ್ವಾರಕಾ ದಿವೇಚಾ ಜೋಡಿಸಿದ ಚೌಕಟ್ಟು ಅಗಲದ್ದು. ನೋಟ್‌ಬುಕ್ಕಿನಲ್ಲಿ ಚೌಕಟ್ಟಿಗೆ ಬೇರೆ ಕಾಲಂ ಮಾಡಿ, ದೃಶ್ಯಗಳ ಜೊತೆ ಬೆರೆಸಬೇಡಿ.

ಹಂತ 7: ವ್ಯತ್ಯಾಸದ ಜಾಗಗಳನ್ನು ಕೂತು ನೋಡಿ

ಈಗ ನಿಜವಾದ ಕೆಲಸ. ‘ಶೋಲೆ’ಯಲ್ಲಿ ಮೂರು ಜಾಗ ಮುಖ್ಯ.

ಒಂದು, ಅಹ್ಮದ್‌ನ ಸಾವು. ಇಮಾಮ್ ಸಾಹೇಬರ ಮಗ, ಸಚಿನ್ ಮಾಡಿದ ಪಾತ್ರ. ಟಾಕೀಸಿನ ಪ್ರತಿಯಲ್ಲಿ ಅವನು ಗಬ್ಬರ್‌ನ ಕೈಗೆ ಸಿಕ್ಕ ಸುದ್ದಿ ಬರುತ್ತದೆ. ಗಬ್ಬರ್ ಬಿದ್ದುಕೊಂಡು ತನ್ನ ತೋಳಿನ ಮೇಲೆ ಹರಿಯುತ್ತಿರುವ ಇರುವೆಯನ್ನು ನೋಡುತ್ತಾನೆ, ಒಂದೇ ಏಟಿಗೆ ಅದನ್ನು ಹೊಸಕುತ್ತಾನೆ. ಮುಂದಿನ ದೃಶ್ಯದಲ್ಲಿ ಕುದುರೆ ಹೆಣ ಹೊತ್ತು ಊರಿಗೆ ಬರುತ್ತದೆ. ಹುಡುಗನನ್ನು ಕೊಲ್ಲುವ ಭಾಗಕ್ಕೆ ಕತ್ತರಿ ಬಿದ್ದಿದೆ. ನಿಮ್ಮ ಪ್ರತಿಯಲ್ಲಿ ಇರುವೆಗೂ ಕುದುರೆಗೂ ನಡುವೆ ಏನಿದೆ ಅಂತ ನೋಡಿ, ಎಷ್ಟು ಸೆಕೆಂಡ್ ಅಂತ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಕತ್ತರಿಸಿದ್ದೇ ಹೆಚ್ಚು ಭಯ ಹುಟ್ಟಿಸುತ್ತದೆ. ಇರುವೆ ಸಾಕು, ಉಳಿದದ್ದನ್ನು ನಾವೇ ಊಹಿಸಿಕೊಂಡು ನಡುಗುತ್ತೇವೆ. ಪೂರ್ತಿ ಪ್ರತಿ ಎಂದರೆ ಪ್ರತಿ ಜಾಗದಲ್ಲೂ ಒಳ್ಳೆಯ ಪ್ರತಿ ಅಂತಲ್ಲ.

ಎರಡು, ರಾಮ್‌ಲಾಲ್ ಮತ್ತು ಮೊಳೆ. ಠಾಕೂರನ ಆಳು ರಾಮ್‌ಲಾಲ್ ಒಡೆಯನ ಪಾದರಕ್ಷೆಯ ಅಟ್ಟೆಗೆ ಮೊಳೆ ಬಡಿಯುವ ದೃಶ್ಯ. ಇದು ಟಾಕೀಸಿನ ಪ್ರತಿಯಲ್ಲಿಲ್ಲ. ಚಿಕ್ಕ ದೃಶ್ಯ, ರಕ್ತ ಇಲ್ಲ, ಹೊಡೆದಾಟ ಇಲ್ಲ. ಮತ್ತೆ ಯಾಕೆ ತೆಗೆಸಿದರು? ಆ ಮೊಳೆಗಳನ್ನು ನೋಡಿದ ಪ್ರೇಕ್ಷಕನಿಗೆ ಠಾಕೂರ್ ಏನು ಮಾಡಲು ಹೊರಟಿದ್ದಾನೆ ಅಂತ ಗೊತ್ತಾಗುತ್ತದೆ. ಇದು ಸಿಟ್ಟಿನಲ್ಲಿ ಆದ ಕೊಲೆಯಲ್ಲ, ಕೂತು ಯೋಚಿಸಿ ತಯಾರಿ ಮಾಡಿದ್ದು. ಕೊನೆಯನ್ನು ಬದಲಿಸಿದರೆ ಈ ತಯಾರಿಯೂ ಹೋಗಲೇಬೇಕು. ಒಂದು ಜಾಗದಲ್ಲಿ ಕತ್ತರಿ ಬಿದ್ದರೆ ಅದಕ್ಕೆ ಜೋಡಿಯಾದ ಇನ್ನೊಂದು ಜಾಗದಲ್ಲೂ ಬೀಳುತ್ತದೆ. ಹಳೆ ಸಿನಿಮಾ ಹೋಲಿಸುವಾಗ ಈ ಜೋಡಿಗಳನ್ನು ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ಯಾವುದೋ ವಸ್ತು ಕೊನೆಯಲ್ಲಿ ದಿಢೀರ್ ಅಂತ ಬಂದರೆ, ಅದನ್ನು ಮೊದಲು ತೋರಿಸಿದ ದೃಶ್ಯ ಎಲ್ಲೋ ಕಾಣೆಯಾಗಿದೆ ಅಂತ ಅನುಮಾನಿಸಿ.

ಮೂರು, ಕೊನೆ. ಪೂರ್ತಿ ಪ್ರತಿಯಲ್ಲಿ ಠಾಕೂರ್ ಮೊಳೆ ಹೊಡೆದ ಪಾದರಕ್ಷೆಯಿಂದ ಗಬ್ಬರ್‌ನ ಕೈಗಳನ್ನು ತುಳಿಯುತ್ತಾನೆ, ಅವನನ್ನು ಕೊಲ್ಲುತ್ತಾನೆ, ಕೊಂದ ಮೇಲೆ ಅಳುತ್ತಾನೆ. ಟಾಕೀಸಿನ ಪ್ರತಿಯಲ್ಲಿ ಪೊಲೀಸರು ಬರುತ್ತಾರೆ, ನೀವೂ ಪೊಲೀಸ್ ಅಧಿಕಾರಿ ಆಗಿದ್ದವರಲ್ಲವೇ, ಶಿಕ್ಷೆಯನ್ನು ಕಾನೂನಿಗೆ ಬಿಡಿ ಅನ್ನುವ ಮಾತು ಬರುತ್ತದೆ, ಠಾಕೂರ್ ನಿಲ್ಲಿಸುತ್ತಾನೆ.

ಇಲ್ಲಿ ಒಂದು ಮುಖ್ಯ ಪಾಠ ಇದೆ. ಟಾಕೀಸಿನ ಕೊನೆ ಸುಮ್ನೆ ಚಿಕ್ಕದಾದದ್ದಲ್ಲ. ಅದನ್ನು ಹೊಸದಾಗಿ ಚಿತ್ರೀಕರಿಸಿ ಸೇರಿಸಿದರು. ಸಂಜೀವ್ ಕುಮಾರ್ ಆಗ ಸೋವಿಯತ್ ದೇಶದಲ್ಲಿದ್ದರು, ವಾಪಸ್ ಕರೆಸಿ ತೆಗೆಯಬೇಕಾಯಿತು. ಅಂದರೆ ಒಂದು ಕಡೆ ತೆಗೆದಿದ್ದಾರೆ, ಇನ್ನೊಂದು ಕಡೆ ಸೇರಿಸಿದ್ದಾರೆ. 204ರಿಂದ 198 ಕಳೆದು ‘ಆರು ನಿಮಿಷ ಕತ್ತರಿಸಿದರು’ ಅಂತ ಹೇಳಿದರೆ ತಪ್ಪಾಗುತ್ತದೆ, ಆ ಆರು ನಿಮಿಷ ಬರೀ ಉಳಿಕೆಯ ಲೆಕ್ಕ. ಅದಕ್ಕೇ ನೋಟ್‌ಬುಕ್ಕಿನಲ್ಲಿ ‘ಇಲ್ಲ’ ಅನ್ನುವ ಕಾಲಂ ಜೊತೆ ‘ಹೊಸದು’ ಅನ್ನುವ ಕಾಲಂ ಕೂಡ ಇರಬೇಕು.

ಆಮೇಲೆ ಸೇರಿಸಿದ ಶಾಟುಗಳನ್ನು ಗುರುತಿಸಲು ನೆರಳು ನೋಡಿ. ರಾಮನಗರದ ಬಂಡೆಗಳ ಮೇಲೆ ನೆರಳು ಯಾವ ಕಡೆಗೆ ಬಿದ್ದಿದೆ, ಎಷ್ಟು ಉದ್ದ ಇದೆ, ಒಂದು ಶಾಟಿನಿಂದ ಇನ್ನೊಂದಕ್ಕೆ ಬದಲಾಯಿತಾ? ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ಶುರುವಾದದ್ದು, ಬಿಡುಗಡೆಗೆ ಕೆಲವೇ ವಾರ ಇರುವಾಗ ತೆಗೆದ ಶಾಟಿನಲ್ಲಿ ಹುಲ್ಲಿನ ಬಣ್ಣ, ಆಕಾಶದ ಮೋಡ, ನಟರ ಕೂದಲು ಹಾಗೇ ಇರುವುದಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವ ನಮಗೆ ಆ ಬೆಟ್ಟ ಬೇಸಿಗೆಯಲ್ಲಿ ಹೇಗೆ, ಮಳೆಗಾಲದಲ್ಲಿ ಹೇಗೆ ಅಂತ ಕಣ್ಣಿಗೆ ಗೊತ್ತು. ಆ ಪರಿಚಯವನ್ನು ಬಳಸಿ.

ಕಾರಣವನ್ನೂ ಬರೆಯಿರಿ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಿನಿಮಾ ಬಂದದ್ದು ಅದಾದ ಎರಡು ತಿಂಗಳೊಳಗೆ. ಪೊಲೀಸ್ ಅಧಿಕಾರಿ ಆಗಿದ್ದವನು ಕಾನೂನು ಕೈಗೆ ತೆಗೆದುಕೊಂಡು ಕೊಲ್ಲುವುದನ್ನು ತೋರಿಸಲು ಆಗ ಬಿಡಲಿಲ್ಲ. ಈ ಒಂದು ಸಾಲು ಇಲ್ಲದಿದ್ದರೆ ನಿಮ್ಮ ಪಟ್ಟಿ ಬರೀ ಸೆಕೆಂಡುಗಳ ಪಟ್ಟಿ.

ಕೊನೆಯ ವಿಷಯದಲ್ಲಿ ನಾನು ಪೂರ್ತಿ ಪ್ರತಿಯ ಕಡೆ. ಇಡೀ ಕಥೆ ಅತ್ತ ಕಡೆಗೇ ನಡೆಯುತ್ತದೆ. ಗಬ್ಬರ್ ಜೀವಂತ ಬೇಕು ಅಂತ ಠಾಕೂರ್ ಮೊದಲೇ ಕೇಳಿದ್ದಾನೆ, ಜಯ್ ಅದಕ್ಕೆ ಮಾತು ಕೊಟ್ಟಿದ್ದಾನೆ, ಸ್ನೇಹಿತನನ್ನು ಕಳೆದುಕೊಂಡ ವೀರು ಗಬ್ಬರ್‌ನನ್ನು ಕೊಲ್ಲಲು ಹೊರಟಾಗ ಠಾಕೂರ್ ಆ ಮಾತನ್ನೇ ನೆನಪಿಸಿ ತಡೆಯುತ್ತಾನೆ. ಇಷ್ಟೆಲ್ಲ ಆದ ಮೇಲೆ ಪೊಲೀಸರು ಎಲ್ಲಿಂದಲೋ ಬಂದರೆ ಮನಸ್ಸು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಅಳು. ಸೇಡು ತೀರಿದ ಮೇಲೆ ಠಾಕೂರನಿಗೆ ಉಳಿದದ್ದು ಏನೂ ಇಲ್ಲ ಅನ್ನುವುದನ್ನು ಆ ಅಳು ಹೇಳುತ್ತದೆ. ಕೊಲೆ ತೆಗೆದಾಗ ಅದರ ಜೊತೆ ಈ ನೋವೂ ಹೋಯಿತು.

ಹಂತ 8: ಹೊರಗಿನ ಸಾಕ್ಷಿ ಹುಡುಕಿ, ಆದರೆ ಎಚ್ಚರ

ಹಾಡಿನ ಪುಸ್ತಕ, ಲಾಬಿಯಲ್ಲಿ ಹಾಕುತ್ತಿದ್ದ ಫೋಟೋಗಳು, ಹಳೆ ಪತ್ರಿಕೆಯ ವಿಮರ್ಶೆ, ಗ್ರಾಮಫೋನ್ ರೆಕಾರ್ಡ್ ಎಲ್ಲ ಉಪಯೋಗಕ್ಕೆ ಬರುತ್ತವೆ. ‘ಶೋಲೆ’ಯ ಸಂಭಾಷಣೆಯನ್ನೇ ಪಾಲಿಡಾರ್ ಕಂಪನಿ ರೆಕಾರ್ಡ್ ಮಾಡಿ ಮಾರಿತ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಾಡಿನ ಪುಸ್ತಕ, ಫೋಟೋಗಳ ದೊಡ್ಡ ಸಂಗ್ರಹ ಇದೆ.

ಎಚ್ಚರ ಯಾಕೆ ಅಂದರೆ, ರೆಕಾರ್ಡಿನಲ್ಲಿ ಇದ್ದದ್ದೆಲ್ಲ ಸಿನಿಮಾದಲ್ಲಿ ಇತ್ತು ಅಂತಲ್ಲ. ‘ಶೋಲೆ’ಗೆ ಒಂದು ಕವ್ವಾಲಿ ಧ್ವನಿಮುದ್ರಣ ಆಗಿತ್ತು, ಗೀತೆ ಬರೆದ ಆನಂದ್ ಬಕ್ಷಿಯವರೂ ಅದರಲ್ಲಿ ಹಾಡಿದ್ದರು. ಅದನ್ನು ಚಿತ್ರೀಕರಿಸಲೇ ಇಲ್ಲ. ಅದು ಯಾವ ಪ್ರತಿಯಲ್ಲೂ ಸಿಗುವುದಿಲ್ಲ, ಸಿಗಲೂ ಆಗದು. ಫೋಟೋಗಳೂ ಹಾಗೇ, ಸೆಟ್ಟಿನಲ್ಲಿ ಫೋಟೋಗ್ರಾಫರ್ ನಿಲ್ಲಿಸಿ ತೆಗೆದದ್ದು ಕ್ಯಾಮೆರಾ ತೆಗೆದದ್ದೇ ಆಗಿರಬೇಕಿಲ್ಲ.

ವಿದೇಶದ ಡಿಸ್ಕು ತರಿಸುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನ ಪ್ರತಿಯಲ್ಲಿ ನಮ್ಮ ಸೆನ್ಸಾರ್ ತೆಗೆಸಿದ್ದು ಉಳಿದಿರಬಹುದು, ಆದರೆ ಅಲ್ಲಿ ಚಿತ್ರೀಕರಣಕ್ಕಾಗಿ ಪ್ರಾಣಿಗಳಿಗೆ ಹಿಂಸೆ ಕೊಡುವುದರ ವಿರುದ್ಧ 1937ರಿಂದಲೇ ಕಾನೂನಿದೆ. ಕುದುರೆಗಳನ್ನು ಎಡವಿಸಿ ಬೀಳಿಸುವ ಶಾಟುಗಳಿಗೆ ಅಲ್ಲಿ ಕತ್ತರಿ ಬೀಳುತ್ತದೆ. ಕುದುರೆ ಓಟ ಇರುವ ಯಾವ ಸಿನಿಮಾದ ಬ್ರಿಟಿಷ್ ಡಿಸ್ಕ್ ಆದರೂ ಆ ಜಾಗಗಳನ್ನು ಇಲ್ಲಿನ ಪ್ರತಿಯ ಜೊತೆ ಹೋಲಿಸಿ. ಎರಡೂ ಪ್ರತಿಯಲ್ಲಿ ಬೇರೆ ಬೇರೆ ತುಣುಕು ಕಾಣೆಯಾಗಿರುವುದು ಅಪರೂಪವೇನಲ್ಲ.

ಹಂತ 9: ರಿಸ್ಟೋರ್ ಆದ ಪ್ರತಿಯನ್ನು ಹೇಗೆ ನೋಡಬೇಕು

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸೇರಿ ಮಾಡಿಸಿದ 4ಕೆ ‘ಶೋಲೆ’ 2025ರ ಜೂನ್ 27ರಂದು ಇಟಲಿಯ ಬೊಲೋನ್ಯಾದಲ್ಲಿ ಮೊದಲು ತೋರಿಸಲ್ಪಟ್ಟಿತು, ಡಿಸೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂತು. ಮೂಲ ಕೊನೆ, ತೆಗೆದ ದೃಶ್ಯಗಳು ಇದರಲ್ಲಿವೆ. ಮೂಲ ಕ್ಯಾಮೆರಾ ನೆಗೆಟಿವ್ ತೀರಾ ಹಾಳಾಗಿತ್ತು. ಫಿಲ್ಮು ಕೊಳೆತು ವಿನೆಗರ್ ವಾಸನೆ ಬರುವ ರೋಗ ಅದು. 70 ಎಂಎಂ ಪ್ರಿಂಟ್ ಒಂದೂ ಉಳಿದಿರಲಿಲ್ಲ. ಬ್ರಿಟನ್ನಿನ ಗೋದಾಮಿನಲ್ಲಿ ಸಿಕ್ಕ ಇಂಟರ್‌ಪಾಸಿಟಿವ್ (ನೆಗೆಟಿವ್‌ನಿಂದ ತೆಗೆದಿಟ್ಟ ಮಧ್ಯಂತರ ಪ್ರತಿ) ಮುಂತಾದವುಗಳಿಂದ ಅದನ್ನು ಕಟ್ಟಿ, ಚೌಕಟ್ಟನ್ನು 70 ಎಂಎಂನ 2.2:1 ಅಳತೆಗೆ ತಂದಿದ್ದಾರೆ.

ಇಂಥ ಪ್ರತಿ ಸಿಕ್ಕರೆ ಅದನ್ನೇ ಹೋಲಿಕೆಯ ಆಧಾರವಾಗಿ ಇಟ್ಟುಕೊಳ್ಳಿ. ಆದರೆ ಹಳೆ ಡಿಸ್ಕನ್ನು ಎಸೆಯಬೇಡಿ. ರಿಸ್ಟೋರ್ ಆದ ಪ್ರತಿಯಲ್ಲಿ ಅಂಟಿಸಿದ ಗುರುತು, ರೀಲಿನ ಚುಕ್ಕೆ, ಶಬ್ದ ಹಾರಿದ್ದು ಎಲ್ಲ ಅಳಿಸಿಹೋಗಿರುತ್ತದೆ, ಹಂತ 5ರ ಪತ್ತೆದಾರಿಕೆ ಅದರಲ್ಲಿ ನಡೆಯುವುದಿಲ್ಲ. ಜೊತೆಗೆ 1975ರಿಂದ ಜನ ಟಾಕೀಸಿನಲ್ಲಿ ಕೂತು ನೋಡಿ ಬೆಳೆದದ್ದು ಪೊಲೀಸರು ಬರುವ ಪ್ರತಿಯನ್ನೇ. ಅದೂ ಈ ಸಿನಿಮಾದ ಚರಿತ್ರೆ, ಅದನ್ನೂ ಉಳಿಸಿಕೊಳ್ಳಬೇಕು.

ಹಂತ 10: ಬರೆದಿಡಿ

ಕೊನೆಗೆ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು: ಪ್ರತಿ ಎಲ್ಲಿಯದು, ಯಾವ ವರ್ಷ ಬಂದದ್ದು, ಫ್ರೇಮ್ ರೇಟ್, ಮೊದಲ ಶಾಟಿನಿಂದ ಕೊನೆಯ ಶಾಟಿಗೆ ಎಷ್ಟು ಹೊತ್ತು, ಸರ್ಟಿಫಿಕೇಟಿನ ತಾರೀಕು, ತ್ರಿಕೋನ ಇದೆಯೋ ಇಲ್ಲವೋ, ಚೌಕಟ್ಟಿನ ಅಳತೆ. ಅದರ ಕೆಳಗೆ ಒಂದೊಂದು ವ್ಯತ್ಯಾಸಕ್ಕೂ ಒಂದು ಸಾಲು. ಯಾವ ಮಾತಿನ ನಂತರ, ಯಾವ ಮಾತಿನ ಮುಂಚೆ, ಎಷ್ಟು ಸೆಕೆಂಡ್, ತೆಗೆದದ್ದೋ ಸೇರಿಸಿದ್ದೋ, ಯಾರ ಕತ್ತರಿ. ಬರೀ ಸಮಯ ಬರೆದರೆ ಬೇರೆ ಪ್ರತಿ ಇಟ್ಟುಕೊಂಡವರಿಗೆ ಉಪಯೋಗ ಇಲ್ಲ, ಅದಕ್ಕೇ ಮುಂಚಿನ ಮಾತು, ನಂತರದ ಮಾತು ಎರಡನ್ನೂ ಬರೆಯಿರಿ. ಕಾರಣಕ್ಕೆ ಸಾಕ್ಷಿ ಇಲ್ಲದ ಕಡೆ ಕಾಲಂ ಖಾಲಿ ಬಿಡಿ. ಆ ಖಾಲಿ ಕಾಲಂ ನೋಡಿದವರು ಯಾರಾದರೂ, ಅಂದಿನ ಟಾಕೀಸಿನ ಆಪರೇಟರ್ ಒಬ್ಬರೋ, ಹಂಚಿಕೆದಾರರ ಮನೆಯವರೋ, ಮುಂದೊಂದು ದಿನ ತುಂಬಿಸಬಹುದು. ಊಹೆ ಬರೆದಿಟ್ಟರೆ ಯಾರೂ ತುಂಬಿಸಲು ಹೋಗುವುದಿಲ್ಲ.